ಸ್ಕೋರ್ ಬರೆಯುತ್ತಿದ್ದವಳು

ಎರಡು ವಾರದ ಹಿಂದೆ ಪಕ್ಕದ ಮನೆಯಾಕೆ ಒಂದು ಮಾತು ಕೇಳಿದರು. ಅದು ಇನ್ನೂ ನನ್ನ ತಲೆಯಿಂದ ಇಳಿದಿಲ್ಲ.

ಈ ದೇಶಕ್ಕೆ ಬಂದು ಆರು ವರ್ಷವಾದರೂ ಅವರ ಜೊತೆ ಪ್ಯಾಡೆಲ್ ಕಲಿಯಲು ಶುರುಮಾಡಿದ್ದು ಈಚೆಗೆ. ಅವರಿಗೆ 68, ನನಗೆ 43. ಟೆನಿಸ್ ಥರದ್ದೇ ಆಟ, ಆದರೆ ಅಂಕಣ ಚಿಕ್ಕದು. 20 ಮೀಟರ್ ಉದ್ದ, 10 ಮೀಟರ್ ಅಗಲ, ಹಿಂದೆ ಗಾಜಿನ ಗೋಡೆ. ಇಬ್ಬರಿಬ್ಬರು ಎದುರುಬದುರು. ಬ್ಯಾಟಿಗೆ ತಂತಿ ಇಲ್ಲ, ಬರೀ ತೂತುಗಳು. ಸರ್ವ್ ಮಾಡುವಾಗ ಚೆಂಡನ್ನು ನೆಲಕ್ಕೆ ಪುಟಿಸಿ, ಸೊಂಟದ ಎತ್ತರದೊಳಗೇ ಹೊಡೆಯಬೇಕು. ಹಾಗಾಗಿ ತೋಳಿನಲ್ಲಿ ಬಲ ಇಲ್ಲದವರೂ ಮೊದಲ ದಿನವೇ ಆಟಕ್ಕೆ ಇಳಿಯಬಹುದು.

ನನಗೆ ಕಷ್ಟವಾಗಿದ್ದು ಗೋಡೆ. ಚೆಂಡು ನನ್ನನ್ನು ದಾಟಿತು ಅಂದರೆ ಮುಗಿಯಿತು ಅಂದುಕೊಂಡೇ ಬೆಳೆದವಳು ನಾನು. ಇಲ್ಲಿ ಮುಗಿಯುವುದಿಲ್ಲ. ನೆಲಕ್ಕೆ ಒಮ್ಮೆ ಬಿದ್ದ ಚೆಂಡು ಗಾಜಿಗೆ ತಾಗಿ ವಾಪಸ್ ಬರುತ್ತದೆ. ಎರಡನೇ ಸಲ ನೆಲ ಮುಟ್ಟುವ ಮೊದಲು ಹೊಡೆದರೆ ಸಾಕು. ಅದಕ್ಕೆ ಹಿಂದೆ ಸರಿದು ಕಾಯಬೇಕು. ನಾನು ಮುಂದೆ ನುಗ್ಗುತ್ತೇನೆ, ಚೆಂಡು ತಪ್ಪಿಹೋಗುತ್ತದೆ, ತಿರುಗಿ "ಸಾರಿ" ಅನ್ನುತ್ತೇನೆ.

ಆವತ್ತು ಹತ್ತನೇ ಸಲವೋ ಏನೋ ಹಾಗಂದಾಗ ಅವರು ಕೇಳಿದರು: "ಇಷ್ಟೊಂದು ಸಲ 'ಸಾರಿ' ಅನ್ನೋದನ್ನ ನಿನಗೆ ಕಲಿಸಿದ್ದು ಯಾರು?"

ಮನೆಗೆ ಬಂದ ಮೇಲೆ ಉತ್ತರ ಹೊಳೆಯಿತು. ಶಾಲೆಯಲ್ಲಿ ಒಂದು ದಿನ ಕ್ಯಾಚ್ ಬಿಟ್ಟಿದ್ದೆ. ಮಾರನೇ ದಿನ ನನ್ನ ಕೈಗೆ ಸ್ಕೋರ್ ಪುಸ್ತಕ ಬಂತು. ಯಾರೂ ಬೈಯಲಿಲ್ಲ. "ನಿನ್ನ ಅಕ್ಷರ ದುಂಡಗಿದೆ, ನೀನೇ ಬರಿ" ಅಂದರು. ಹೈಸ್ಕೂಲು ಮುಗಿಯುವ ತನಕ ಗೆರೆಯಾಚೆ ಕೂತು ಬರೆದೆ. ನಮ್ಮಲ್ಲಿ ಆಟ ಗೆಲ್ಲುವ ಮಕ್ಕಳಿಗೆ, ಚಪ್ಪಾಳೆ ಉಳಿದವರಿಗೆ. ಆಡಲು ಬಾರದವರಿಗೇ ಅಲ್ವಾ ಜಾಸ್ತಿ ಆಡಿಸಬೇಕಾದದ್ದು? ಇದನ್ನು ಬರೆಯುವಾಗಲೂ ನನ್ನ ಗಂಟಲು ಕಟ್ಟುತ್ತಿದೆ.

ಪ್ಯಾಡೆಲ್ ಹುಟ್ಟಿದ್ದು 1969ರಲ್ಲಿ, ಮೆಕ್ಸಿಕೊದ ಅಕಾಪುಲ್ಕೊದಲ್ಲಿ, ಎನ್ರಿಕೆ ಕೊರ್ಕುಎರಾ ಅವರ ಮನೆಯಲ್ಲಂತೆ. ಒಂದು ಮನೆಯಲ್ಲಿ ಹುಟ್ಟಿದ ಆಟ ಅಂತ ತಿಳಿದಾಗ ನನಗೆ ಸುಮ್ನೆ ಖುಷಿಯಾಯಿತು.

ನಿನ್ನೆ ಚೆಂಡು ನನ್ನ ತಲೆಯ ಮೇಲಿಂದ ಹೋಯಿತು. ನುಗ್ಗಲಿಲ್ಲ. ಹಿಂದೆ ಸರಿದು ನಿಂತೆ. ನೆಲಕ್ಕೆ ಬಿತ್ತು, ಗಾಜಿಗೆ ತಾಗಿತು, ನನ್ನ ಕಡೆಗೇ ಬಂತು. ಮೆಲ್ಲಗೆ ಎತ್ತಿ ಹೊಡೆದೆ. ನೆಟ್ ದಾಟಿ ಎದುರಿನವರ ಹಿಂದಿನ ಮೂಲೆಗೆ ಬಿತ್ತು.

"ಈಗ ಸ್ಕೋರ್ ಎಷ್ಟು?" ಅಂತ ಪಕ್ಕದ ಮನೆಯಾಕೆ ಕೇಳಿದರು. 30-15 ಇತ್ತಾ, 40-30 ಇತ್ತಾ? ನನಗೆ ನೆನಪೇ ಇರಲಿಲ್ಲ.