ಟ್ರೇಲರ್‌ಗೆ ಇನ್ವರ್ಟರ್: ಕೇಬಲ್ಲಿನ ಲೆಕ್ಕ, ಖಾಲಿ ಉರಿಯುವ ಲೆಕ್ಕ

ಶನಿವಾರ, ಮಾರ್ಚ್ 15, 2025

ನಮ್ಮ ಕ್ಯಾಂಪಿಂಗ್ ಟ್ರೇಲರ್‌ಗೆ, ಬ್ಯಾಟರಿಯ ಡಿಸಿಯನ್ನು ಮನೆಯಲ್ಲಿರುವಂಥ ಎಸಿ ವಿದ್ಯುತ್ತಾಗಿಸುವ 2000 ವ್ಯಾಟ್ ಇನ್ವರ್ಟರ್ ಕೂರಿಸುವ ಕೆಲಸ ಇಂದು ಸಂಜೆಗೆ ಮುಗಿಯಿತು. ವಿದ್ಯುತ್ ಸಂಪರ್ಕವೇ ಇಲ್ಲದ ಜಾಗಗಳಲ್ಲಿ ಬೀಡುಬಿಡುವಾಗ ಲ್ಯಾಪ್‌ಟಾಪ್, ಮಿಕ್ಸಿ ಮತ್ತು ನೀರು ಕಾಯಿಸುವ ಕೆಟಲ್, ಇಷ್ಟಕ್ಕೆ ಮಾತ್ರ ಎಸಿ ವಿದ್ಯುತ್ ಬೇಕೆಂಬುದು ನಮ್ಮ ಲೆಕ್ಕಾಚಾರ. ದೀಪಗಳು, ನೀರಿನ ಪಂಪು, ಫ್ಯಾನು ಮೊದಲಿನಿಂದಲೂ 12 ವೋಲ್ಟ್ ಡಿಸಿಯಲ್ಲೇ ನಡೆಯುತ್ತಿವೆ. ಅವುಗಳಿಗೂ ಇನ್ವರ್ಟರ್‌ಗೂ ಸಂಬಂಧವಿಲ್ಲ.

ತರುವುದೇ ಆದರೆ 3000 ವ್ಯಾಟ್‌ನದನ್ನೇ ತರಬಹುದಿತ್ತಲ್ಲ ಎಂದು ಮನೆಯಲ್ಲಿ ಕೇಳಿದರು. ಅದನ್ನು ತೀರ್ಮಾನಿಸುವುದು ಇನ್ವರ್ಟರ್ ಅಲ್ಲ, ಬ್ಯಾಟರಿ. ನಮ್ಮಲ್ಲಿರುವುದು ಸಮಾನಾಂತರವಾಗಿ ಜೋಡಿಸಿದ 100 ಆಂಪಿಯರ್-ಅವರ್‌ನ ಎರಡು ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಗಳು. ಪ್ರತಿಯೊಂದರ ಒಳಗಿನ ನಿಯಂತ್ರಕವೂ 100 ಆಂಪಿಯರ್‌ಗಿಂತ ಹೆಚ್ಚಿನ ಪ್ರವಾಹವನ್ನು ನಿರಂತರವಾಗಿ ಬಿಡುವುದಿಲ್ಲ. ಇನ್ವರ್ಟರ್‌ನ ದಕ್ಷತೆಯನ್ನು ಶೇಕಡಾ 90 ಎಂದು ಹಿಡಿದರೆ, 2000 ವ್ಯಾಟ್ ಕೊಡಲು 12.8 ವೋಲ್ಟ್‌ನಲ್ಲಿ ಸುಮಾರು 174 ಆಂಪಿಯರ್ ಬೇಕು. 3000 ವ್ಯಾಟ್‌ಗೆ 260 ಆಂಪಿಯರ್. ಎರಡನೆಯದನ್ನು ಈ ಬ್ಯಾಟರಿಗಳು ಕೊಡಲಾರವು, ನಿಯಂತ್ರಕ ಸಂಪರ್ಕ ಕಡಿದು ಟ್ರೇಲರ್‌ನ್ನು ಕತ್ತಲೆಗೆ ದೂಡುತ್ತದೆ. ಪೆಟ್ಟಿಗೆಯ ಮೇಲೆ ದಪ್ಪಕ್ಷರದಲ್ಲಿ ಅಚ್ಚಾಗಿರುವ ಗರಿಷ್ಠ ವ್ಯಾಟ್ ಕ್ಷಣಮಾತ್ರದ್ದು; ಅದನ್ನು ನಂಬಿ ಕೊಳ್ಳುವುದಕ್ಕಿಂತ ಅದರ ಪಕ್ಕದಲ್ಲಿ ಸಣ್ಣದಾಗಿ ಬರೆದಿರುವ ನಿರಂತರ ಸಾಮರ್ಥ್ಯವನ್ನು ಓದುವುದು ಲೇಸು.

ಇದೇ 2000 ವ್ಯಾಟ್ 230 ವೋಲ್ಟ್‌ನಲ್ಲಿ ಒಂಬತ್ತು ಆಂಪಿಯರ್‌ಗೂ ಕಡಿಮೆ. ಆದ್ದರಿಂದ ಎಸಿ ಬದಿಯ ತಂತಿ ಸಾಮಾನ್ಯವಾದದ್ದು, ಡಿಸಿ ಬದಿಯದೇ ನಿಜವಾದ ಕೆಲಸ. 70 ಚದರ ಮಿಲಿಮೀಟರ್‌ನ, ಬಹುಎಳೆಯ, ಸುಲಭವಾಗಿ ಬಾಗುವ ತಾಮ್ರದ ಕೇಬಲ್ ಹಾಕಿದ್ದೇನೆ. ಹೋಗಿಬರುವ ಒಟ್ಟು ಉದ್ದ ಮೂರು ಮೀಟರ್. ಈ ದಪ್ಪಕ್ಕೆ ಪೂರ್ಣ ಹೊರೆಯಲ್ಲಿ ಕೇಬಲ್ಲಿನಲ್ಲೇ ಕಳೆದುಹೋಗುವುದು 0.13 ವೋಲ್ಟ್, 25 ಚದರ ಮಿಲಿಮೀಟರ್‌ನದಾಗಿದ್ದರೆ 0.36 ವೋಲ್ಟ್ ಕಳೆದು, 60 ವ್ಯಾಟ್‌ಗೂ ಹೆಚ್ಚು ಶಕ್ತಿ ಕೇಬಲ್ ಬಿಸಿಯಾಗುವುದಕ್ಕೇ ಖರ್ಚಾಗುತ್ತಿತ್ತು. ಇನ್ವರ್ಟರ್‌ನ್ನು ಬ್ಯಾಟರಿಗಳ ಹತ್ತಿರವೇ, ಮುಂಭಾಗದ ಸಾಮಾನು ಕೋಣೆಯಲ್ಲಿ ಇಟ್ಟಿದ್ದು ಈ ಕಾರಣಕ್ಕೆ. ಹಳೆಯ ಆಸಿಡ್ ಬ್ಯಾಟರಿಗಳೇ ಇದ್ದಿದ್ದರೆ ಹೀಗೆ ಮಾಡುವಂತಿರಲಿಲ್ಲ. ಚಾರ್ಜ್ ಆಗುವಾಗ ಅವು ಹೊರಬಿಡುವ ಹೈಡ್ರೋಜನ್ ಇರುವ ಕಡೆ ಕಿಡಿ ಹಾರಬಲ್ಲ ಯಂತ್ರ ಇರಕೂಡದು.

ಕೇಬಲ್ಲಿನ ತುದಿಯ ಲೋಹದ ಹಿಡಿಕೆಯಾದ ಲಗ್ಗನ್ನು ಒತ್ತಿ ಕೂರಿಸುವುದಕ್ಕೆ ಹೈಡ್ರಾಲಿಕ್ ಕ್ರಿಂಪರನ್ನು ಬಾಡಿಗೆಗೆ ತಂದಿದ್ದೆ. ಒತ್ತಿದ ಒಂದು ಲಗ್ಗನ್ನು ಪರೀಕ್ಷೆಗೆಂದು ಗರಗಸದಿಂದ ಅಡ್ಡಲಾಗಿ ಕೊಯ್ದು ನೋಡಿದೆ: ನೂರಾರು ಎಳೆಗಳು ಒಂದಕ್ಕೊಂದು ಬೆಸೆದು, ಷಡ್ಭುಜಾಕಾರದ ಗಟ್ಟಿ ತಾಮ್ರದ ಬಿಲ್ಲೆಯಂತೆ ಹೊಳೆಯುತ್ತಿದ್ದವು, ನಡುವೆ ಒಂದೂ ಸಂದಿಯಿರಲಿಲ್ಲ. ಲಗ್ ನೇರವಾಗಿ ಟರ್ಮಿನಲ್‌ನ ಮೈಗೆ ಕೂರಬೇಕು. ವಾಷರ್ ಏನಿದ್ದರೂ ಲಗ್‌ನ ಮೇಲೆ, ನಟ್ಟಿನ ಕೆಳಗೆ. ನಡುವೆ ಸ್ಟೀಲ್ ವಾಷರ್ ಸಿಕ್ಕಿಕೊಂಡರೆ ಇಷ್ಟು ಪ್ರವಾಹಕ್ಕೆ ಆ ಜಾಗ ಕಾದು ಪ್ಲಾಸ್ಟಿಕ್ ಕರಗಬಹುದು. ಎರಡು ಬ್ಯಾಟರಿಗಳಿಗೂ ಹೊರೆ ಸಮನಾಗಿ ಹಂಚಿಹೋಗಲೆಂದು ಧನ ಕೇಬಲ್ಲನ್ನು ಒಂದರಿಂದಲೂ ಋಣ ಕೇಬಲ್ಲನ್ನು ಇನ್ನೊಂದರಿಂದಲೂ ಎಳೆದಿದ್ದೇನೆ. ಧನ ತುದಿಗೆ ಆದಷ್ಟು ಹತ್ತಿರದಲ್ಲಿ 250 ಆಂಪಿಯರ್‌ನ ಟಿ ವರ್ಗದ ಫ್ಯೂಸ್ ಇದೆ. ಲಿಥಿಯಂ ಬ್ಯಾಟರಿ ಶಾರ್ಟ್ ಆದಾಗ ಹರಿಯುವುದು ಸಾವಿರಾರು ಆಂಪಿಯರ್. ಅಗ್ಗದ ಫ್ಯೂಸ್‌ಗಳ ಒಳಗಿನ ಎಳೆ ಕರಗಿದರೂ ಆ ಸಂದಿಯಲ್ಲೇ ವಿದ್ಯುತ್ ಚಾಪ ಹೊತ್ತಿ ಪ್ರವಾಹ ಮುಂದುವರಿಯುವ ಅಪಾಯವಿರುವುದರಿಂದ, ಈ ಒಂದು ವಸ್ತುವಿನಲ್ಲಿ ಉಳಿತಾಯದ ಯೋಚನೆ ಮಾಡಬಾರದೆಂಬುದು ನನ್ನ ಖಚಿತ ಅಭಿಪ್ರಾಯ.

ಮೊದಲ ಬಾರಿ ಕೇಬಲ್ ಮುಟ್ಟಿಸುವಾಗ ಇನ್ವರ್ಟರ್‌ನ ಒಳಗಿನ ಕೆಪಾಸಿಟರ್‌ಗಳು ಒಮ್ಮೆಲೇ ತುಂಬಿಕೊಳ್ಳಲು ಹೋಗಿ ದೊಡ್ಡ ಕಿಡಿ ಹಾರುತ್ತದೆ. ಅದನ್ನು ತಪ್ಪಿಸಲು 30 ಓಮ್‌ನ ರೆಸಿಸ್ಟರ್ ಮೂಲಕ ಕೆಲವು ಸೆಕೆಂಡು ಮುಟ್ಟಿಸಿ, ಆಮೇಲೆ ನಟ್ಟು ಬಿಗಿದೆ.

ಎಸಿ ಬದಿಯಲ್ಲಿ ಇಡೀ ಟ್ರೇಲರ್‌ನ ಸ್ವಿಚ್‌ಬೋರ್ಡಿಗೆ ಇನ್ವರ್ಟರ್‌ನ್ನು ಜೋಡಿಸಲಿಲ್ಲ. ಹಾಗೆ ಜೋಡಿಸಿದರೆ ಹೊರಗಿನ ವಿದ್ಯುತ್ತೂ ಇನ್ವರ್ಟರ್‌ನದೂ ಎಂದಿಗೂ ಸೇರದಂತೆ ಟ್ರಾನ್ಸ್‌ಫರ್ ಸ್ವಿಚ್ ಬೇಕು. ಅದರ ಜೊತೆಗೆ, ಟ್ರೇಲರ್‌ನ ಚಾರ್ಜರ್ ಇನ್ವರ್ಟರ್‌ನಿಂದಲೇ ವಿದ್ಯುತ್ ಪಡೆದು ಅದೇ ಬ್ಯಾಟರಿಯನ್ನು ತುಂಬಲು ಹೋಗಿ, ಸುತ್ತಿ ಸುತ್ತಿ ಶಕ್ತಿಯನ್ನು ವ್ಯರ್ಥಮಾಡುತ್ತದೆ. ಎರಡೇ ಸಾಕೆಟ್‌ಗಳಿಗೆ ಬೇರೆಯದೇ ತಂತಿ ಎಳೆದು, ಅದಕ್ಕೊಂದು ಆರ್‌ಸಿಡಿ (ವಿದ್ಯುತ್ ಸೋರಿದೊಡನೆ ಸಂಪರ್ಕ ಕಡಿಯುವ ಸ್ವಿಚ್) ಹಾಕಿದ್ದೇನೆ. ಇಲ್ಲಿ ಇನ್ವರ್ಟರ್ ಒಂದೇ ಮೂಲವಾದ್ದರಿಂದ ನ್ಯೂಟ್ರಲ್ ಮತ್ತು ಅರ್ತ್ ಅದರೊಳಗೇ ಒಂದು ಕಡೆ ಕೂಡಿರಬೇಕು, ಇಲ್ಲವಾದರೆ ಸೋರಿಕೆಯ ಪ್ರವಾಹ ಹಿಂದಿರುಗಲು ದಾರಿಯಿಲ್ಲದೆ ಆರ್‌ಸಿಡಿ ಬೀಳುವುದೇ ಇಲ್ಲ. ಪರೀಕ್ಷೆಯ ಗುಂಡಿ ಒತ್ತಿದ್ದಲ್ಲದೆ, ಮೀಟರ್ ಹಿಡಿದು ಆ ಕೂಡಿಕೆಯನ್ನೂ ಖಚಿತಪಡಿಸಿಕೊಂಡೆ.

ಕೊನೆಗೆ 1500 ವ್ಯಾಟ್‌ನ ಕೆಟಲ್ ಹಚ್ಚಿದೆ. ಬ್ಯಾಟರಿಯ ಪ್ರವಾಹ ಅಳೆಯುವ ಷಂಟ್‌ನ ಮೀಟರ್ 130 ಆಂಪಿಯರ್‌ನ ಆಸುಪಾಸಿಗೆ ಜಿಗಿಯಿತು. ನೋಡಿದರೆ ಎದೆ ಝಲ್ಲೆನ್ನಿಸುವ ಅಂಕಿಯಾದರೂ ಒಂದು ಲೀಟರ್ ನೀರು ನಾಲ್ಕು ನಿಮಿಷ ಚಿಲ್ಲರೆಯಲ್ಲಿ ಕುದಿಯಿತು. ಬ್ಯಾಟರಿಯಿಂದ ಹೋದದ್ದು 120 ವ್ಯಾಟ್-ಅವರ್‌ನಷ್ಟು, ಅಂದರೆ ಒಟ್ಟು 2560ರಲ್ಲಿ ಶೇಕಡಾ ಐದೂ ಇಲ್ಲ. ನನ್ನ ಗಮನ ಸೆಳೆದದ್ದು ಇನ್ನೊಂದು ಅಂಕಿ. ಏನನ್ನೂ ಹಚ್ಚದೆ ಇನ್ವರ್ಟರ್ ಸುಮ್ಮನೆ ಚಾಲೂ ಇದ್ದಾಗಲೂ 20 ವ್ಯಾಟ್ ಎಳೆಯುತ್ತಿತ್ತು. ಇಪ್ಪತ್ತನಾಲ್ಕು ಗಂಟೆ ಹಾಗೆಯೇ ಬಿಟ್ಟರೆ 480 ವ್ಯಾಟ್-ಅವರ್, ನಾಲ್ಕು ಕೆಟಲ್ ನೀರಿನ ಖರ್ಚು. ಮೋಡ ಕವಿದು ಸೌರಫಲಕ ಮಂಕಾದ ದಿನ ಇದು ಸಣ್ಣ ಮೊತ್ತವಲ್ಲ. ಹೊರೆಯಿಲ್ಲದಾಗ ತೂಕಡಿಸುವ ಉಳಿತಾಯ ವಿಧಾನವೊಂದು ಇದರಲ್ಲಿದೆ, ಆದರೆ ಫೋನ್ ಚಾರ್ಜರಿನಂಥ ಸಣ್ಣ ಹೊರೆ ಅದನ್ನು ಎಬ್ಬಿಸುವುದಿಲ್ಲ. ಹಾಗಾಗಿ ಬೇಡದಾಗ ಇನ್ವರ್ಟರ್ ಆರಿಸಲು ಅದರ ದೂರನಿಯಂತ್ರಣದ ಸ್ವಿಚ್ಚನ್ನು ಬಾಗಿಲಿನ ಪಕ್ಕದಲ್ಲೇ, ದೀಪದ ಸ್ವಿಚ್ಚುಗಳ ಸಾಲಿನಲ್ಲಿ ಹಾಕಿದ್ದೇನೆ. ಫೋನ್‌ಗಳನ್ನು 12 ವೋಲ್ಟ್‌ನ ಯುಎಸ್‌ಬಿ ಸಾಕೆಟ್‌ನಿಂದಲೇ ಚಾರ್ಜ್ ಮಾಡುವುದೆಂದೂ ಮನೆಯವರೆಲ್ಲ ಒಪ್ಪಿದ್ದಾರೆ.

ಇನ್ನು ಉಳಿದಿರುವುದು ಎರಡು ಕೆಲಸ: ತಗಡಿನ ಅಂಚು ದಾಟುವ ಕಡೆ ಕೇಬಲ್‌ಗೆ ರಬ್ಬರ್ ಬಳೆ ಹಾಕಿದ್ದರೂ ಅಲ್ಲಾಡದಂತೆ ಇನ್ನೊಂದು ಕ್ಲಾಂಪ್ ಕೊಡಬೇಕು, ಟ್ರೇಲರ್‌ನ್ನು ಒಮ್ಮೆ ಕೆಟ್ಟ ರಸ್ತೆಯಲ್ಲಿ ಎಳೆದು ತಂದ ಮೇಲೆ ಎಲ್ಲ ನಟ್ಟುಗಳ ಬಿಗಿಯನ್ನು ಟಾರ್ಕ್ ಸ್ಪ್ಯಾನರಿನಿಂದ ಮತ್ತೆ ನೋಡಬೇಕು.