ಕೊಡಲಿಗೆ ಶಿಳ್ಳೆ

ಶಿಳ್ಳೆ ಹೊಡೆದವರ ಮೇಲೆ ನನಗೆ ಸಿಟ್ಟಿಲ್ಲ, ಇದನ್ನು ಮೊದಲೇ ಹೇಳಿಬಿಡುತ್ತೇನೆ. ಸಿಟ್ಟು ಮಾಡಿಕೊಂಡರೆ ಮನೆಯಲ್ಲೇ ಒಬ್ಬರ ಮೇಲೆ ಮಾಡಿಕೊಳ್ಳಬೇಕಾಗುತ್ತದೆ. ಎಲ್ಲರಿಗಿಂತ ಜೋರಾಗಿ ಹೊಡೆದದ್ದು ನಮ್ಮನೆಯವರೇ. ಎರಡು ಬೆರಳು ಬಾಯಿಗಿಟ್ಟು, ಕಾಲೇಜು ದಿನಗಳಲ್ಲಿ ಕೆ.ಜಿ. ರಸ್ತೆಯ ಥಿಯೇಟರುಗಳಲ್ಲಿ ಕಲಿತ ವಿದ್ಯೆ. ಪರದೆಯ ಮೇಲೆ ಗಂಡ ಕೊಡಲಿಯಿಂದ ಬಾತ್‌ರೂಮಿನ ಬಾಗಿಲು ಒಡೆಯುತ್ತಿದ್ದಾನೆ, ಒಳಗೆ ಹೆಂಡತಿ ಚಾಕು ಹಿಡಿದು ಗೋಡೆಗೆ ಅಂಟಿಕೊಂಡು ಕಿರುಚುತ್ತಿದ್ದಾಳೆ, ಅವನು ಸೀಳಿದ ಹಲಗೆಯ ಸಂದಿಯಲ್ಲಿ ಮುಖ ತೂರಿಸಿ ಹಲ್ಲು ಕಿರಿಯುತ್ತಾನೆ. ಅದಕ್ಕೆ ನಮ್ಮ ಟೆರೇಸಿನಲ್ಲಿ ಹೀರೋ ಎಂಟ್ರಿಗೆ ಬೀಳುವಂಥ ಶಿಳ್ಳೆ.

ತಪ್ಪೇನು ಅಂತ ಕೇಳಬಹುದು. ಆ ಮುಖ ಎಲ್ಲರಿಗೂ ಪರಿಚಯ. 1980ರ 'ದಿ ಶೈನಿಂಗ್' ನೋಡದವರ ಫೋನಿನಲ್ಲೂ ಜ್ಯಾಕ್ ನಿಕಲ್ಸನ್‌ನ ಆ ಮುಖ ಸ್ಟಿಕ್ಕರ್ ಆಗಿ ಬಂದು ಕೂತಿರುತ್ತದೆ. ಇನ್ನು ಅವನು ಆಗ ಹೇಳುವ ಡೈಲಾಗ್, 'ಹಿಯರ್ಸ್ ಜಾನಿ', ಅಂದರೆ ಇಗೋ ಬಂದ ಜಾನಿ, ಅದು ಅಮೆರಿಕದ ಟಿವಿಯಲ್ಲಿ ಜಾನಿ ಕಾರ್ಸನ್ ಅನ್ನುವ ನಿರೂಪಕನನ್ನು ರಾತ್ರಿ ವೇದಿಕೆಗೆ ಕರೆಯುವಾಗ ಹೇಳುತ್ತಿದ್ದ ಮಾತು. ಅಂದರೆ ಅದು ನಿಜಕ್ಕೂ ಎಂಟ್ರಿಯ ಮಾತೇ. ಶಿಳ್ಳೆ ಹೊಡೆದವರು ಒಂದು ರೀತಿಯಲ್ಲಿ ಸರಿಯಾಗೇ ಅರ್ಥ ಮಾಡಿಕೊಂಡಿದ್ದಾರೆ.

ನನ್ನ ತಲೆಯಲ್ಲಿ ಈ ವಾರ ಪೂರ್ತಿ ಸುತ್ತುತ್ತಿರುವುದು ಶಿಳ್ಳೆ ಅಲ್ಲ. ಅದಕ್ಕೂ ಬಹಳ ಮುಂಚೆ ನನ್ನ ಪಕ್ಕದಲ್ಲಿ ಕೂತಿದ್ದವರು ಹೇಳಿದ ಒಂದು ಮಾತು.

ನಮ್ಮ ಅಪಾರ್ಟ್‌ಮೆಂಟಿನಲ್ಲಿ ಆಗಾಗ ಟೆರೇಸಿನ ಮೇಲೆ ಸಿನಿಮಾ ಹಾಕುತ್ತಾರೆ. ನೀರಿನ ಟ್ಯಾಂಕಿನ ಗೋಡೆಗೆ ಬಿಳಿ ಬಣ್ಣ ಬಳಿದಿದ್ದೇವೆ, ಅದೇ ಪರದೆ. ಪ್ರೊಜೆಕ್ಟರ್ ಮೂರನೇ ಮಹಡಿಯ ಹುಡುಗನದು, ಹಾಗಾಗಿ ಆಯ್ಕೆಯೂ ಅವನದೇ. ಒಳ್ಳೆ ಹುಡುಗ, ಲಿಫ್ಟ್ ಕೆಟ್ಟರೆ ಎಲ್ಲರ ಗ್ಯಾಸ್ ಸಿಲಿಂಡರ್ ಹೊರುವವನು. ಆದರೆ ಸಿನಿಮಾ ವಿಷಯ ಬಂದರೆ ಪಾಠ ಮಾಡುವ ಚಟ. ಶುರುವಾಗುವ ಮೊದಲೇ ಎದ್ದು ನಿಂತು, ಇದು ಅಮೆರಿಕದ ಉದ್ದ ಆವೃತ್ತಿ, ಯುರೋಪಿಗೆ ಕಳಿಸುವಾಗ ಸುಮಾರು 25 ನಿಮಿಷ ಕತ್ತರಿಸಿದ್ದರು, ನೀವೆಲ್ಲ ಪುಣ್ಯವಂತರು ಅಂದ. ಚಳಿಯಲ್ಲಿ ಎರಡೂವರೆ ಗಂಟೆ ಕೂರುವ ಪುಣ್ಯ! ಕಡಲೆಕಾಯಿ ಪರಿಷೆಯ ವಾರ ಬೇರೆ, ಬಸವನಗುಡಿಯಿಂದ ಯಾರೋ ಚೀಲಗಟ್ಟಲೆ ತಂದಿದ್ದರು. ಮಕ್ಕಳನ್ನು ಕೆಳಗೆ ಕಳಿಸಿದ್ದೆವು. ಇಬ್ಬರು ಮೆಟ್ಟಿಲಲ್ಲಿ ಕದ್ದು ಕೂತು ಸಿಕ್ಕಿಬಿದ್ದರು.

ಮೊದಲ ಅರ್ಧ ಗಂಟೆ ಗಂಡಸರು ಫೋನ್ ನೋಡಿದರು, ಹೆಂಗಸರು ಸಿನಿಮಾ ನೋಡಿದರು. ಕಥೆ ಇಷ್ಟೇ: ಚಳಿಗಾಲದಲ್ಲಿ ಮುಚ್ಚುವ ದೊಡ್ಡ ಹೋಟೆಲು, ಅದನ್ನು ನೋಡಿಕೊಳ್ಳುವ ಕೆಲಸಕ್ಕೆ ಒಬ್ಬ ಸೇರುತ್ತಾನೆ. ಹೆಂಡತಿ ಮತ್ತು ಮಗುವಿನ ಜೊತೆ ಹೋಗುತ್ತಾನೆ. ಹಿಮ ಬಿದ್ದು ದಾರಿ ಮುಚ್ಚುತ್ತದೆ. ಹೋಟೆಲಿನ ಅಡುಗೆಮನೆ, ಉಗ್ರಾಣ ತೋರಿಸುವಾಗ ನಮ್ಮ ಸಾಲಿನಿಂದ "ಅಯ್ಯಪ್ಪಾ" ಅಂತ ಒಟ್ಟಿಗೆ ದನಿ ಬಂತು, ಅದು ಭಯದ್ದಲ್ಲ. ಆ ಡಬ್ಬಗಳ ಸಾಲು, ಆ ಪಾತ್ರೆಗಳು! ಆಮೇಲೆ ಎರಡನೇ ಮಹಡಿಯವರು ಹೇಳಿದ್ದು ನನಗೆ ಬಹಳ ಹಿಡಿಸಿತು: "ಕೆಲಸಕ್ಕೆ ಸೇರಿದ್ದು ಅವನು, ಮಾಡ್ತಾ ಇರೋದೆಲ್ಲ ಅವಳೇ ಅಲ್ವಾ?" ಗಮನಿಸಿ ನೋಡಿ, ಬಾಯ್ಲರ್ ನೋಡುವುದು ಅವಳು, ರೇಡಿಯೋದಲ್ಲಿ ಮಾತಾಡುವುದು ಅವಳು, ತಿಂಡಿ ತರುವುದು ಅವಳು. ಅವನು ಚೆಂಡನ್ನು ಗೋಡೆಗೆ ಹೊಡೆಯುತ್ತಾ ಇರುತ್ತಾನೆ. ನಾನು ಓದಿದ ಯಾವ ವಿಮರ್ಶೆಯಲ್ಲೂ ಈ ಮಾತು ಕಂಡಿರಲಿಲ್ಲ.

ಆಮೇಲೆ ಟೈಪ್‌ರೈಟರ್ ದೃಶ್ಯ. ಅವನು ಬರೆಯುತ್ತಾ ಕೂತಿದ್ದಾನೆ. ಅವಳು ಬಂದು ಇವತ್ತು ರಾತ್ರಿ ಹಿಮ ಬೀಳುತ್ತದಂತೆ ಅನ್ನುತ್ತಾಳೆ. ಅದಕ್ಕೆ ನಾನೇನು ಮಾಡಲಿ ಅನ್ನುತ್ತಾನೆ. ಅವಳು ನಗುತ್ತಾಳೆ, ಆಮೇಲೆ ಸ್ಯಾಂಡ್‌ವಿಚ್ ತರುತ್ತೇನೆ, ಆಗ ಬರೆದದ್ದನ್ನು ಓದಲು ಕೊಡು ಅನ್ನುತ್ತಾಳೆ. ಅವನು ಹಾಳೆ ಹರಿದು, ಹಣೆ ಬಡಿದುಕೊಂಡು, ನಾನು ಇಲ್ಲಿ ಕೂತಿರುವಾಗ ಟೈಪ್ ಮಾಡುವ ಸದ್ದು ಕೇಳಲಿ ಬಿಡಲಿ, ಒಳಗೆ ಬರಬೇಡ ಅಂತ ಬಿಡಿಸಿ ಬಿಡಿಸಿ ಹೇಳುತ್ತಾನೆ. ಕೂಗಾಟ ಇಲ್ಲ. ದೆವ್ವ ಇಲ್ಲ. ಸಂಗೀತವೂ ಅಷ್ಟಕ್ಕಷ್ಟೇ.

ನನ್ನ ಪಕ್ಕದಲ್ಲಿ ನೆಲಮಹಡಿಯ ಆಂಟಿ ಕೂತಿದ್ದರು. ಎಪ್ಪತ್ತರ ಮೇಲಾಗಿದೆ. ಇಂಗ್ಲಿಷ್ ಅಷ್ಟು ಬರುವುದಿಲ್ಲ, ಆಗಾಗ ನನ್ನನ್ನು ಕೇಳುತ್ತಿದ್ದರು. ಈ ದೃಶ್ಯದಲ್ಲಿ ಏನೂ ಕೇಳಲಿಲ್ಲ. ಕಡಲೆಕಾಯಿ ಸುಲಿಯುತ್ತಲೇ ಹೇಳಿದರು: "ಇನ್ನು ಇವಳು ಊಟಕ್ಕೆ ಕರೀಬಾರದು. ತಟ್ಟೆ ಬಾಗಿಲ ಹತ್ರ ಇಟ್ಟು ಬಂದುಬಿಡಬೇಕು."

ಅಷ್ಟೇ. ದನಿಯಲ್ಲಿ ಮರುಕವಿಲ್ಲ, ಬೇಸರವಿಲ್ಲ. ಸಾರಿಗೆ ಹುಳಿ ಜಾಸ್ತಿಯಾದರೆ ಬೆಲ್ಲ ಹಾಕು ಅನ್ನುವ ದನಿ. ನಾನು ತಿರುಗಿ ನೋಡಿದೆ. ಅವರು ಪರದೆ ನೋಡುತ್ತಿದ್ದರು.

ಇದಾದ ಮೇಲೆ ನನಗೆ ಸಿನಿಮಾ ಸರಿಯಾಗಿ ಕಾಣಲೇ ಇಲ್ಲ. ಲಿಫ್ಟಿನಿಂದ ರಕ್ತದ ಪ್ರವಾಹ ನುಗ್ಗಿತು, ಅವಳಿ ಹುಡುಗಿಯರು ನಿಂತರು, ಎಲ್ಲ ಬಂತು ಹೋಯಿತು. ತಟ್ಟೆ ಬಾಗಿಲ ಹತ್ರ ಇಟ್ಟು ಬಂದುಬಿಡಬೇಕು. ಎಷ್ಟು ಹೊತ್ತು ಇಡಬೇಕು? ತಣ್ಣಗಾದರೆ? ಖಾಲಿ ತಟ್ಟೆ ಯಾವಾಗ ಎತ್ತಬೇಕು? ಇದಕ್ಕೆಲ್ಲ ಅವರ ಹತ್ತಿರ ಉತ್ತರ ಇದೆ ಅನ್ನಿಸಿತು. ಆಂಟಿಯ ಗಂಡನನ್ನು ನಾನು ನೋಡಿಲ್ಲ, ನಾವು ಇಲ್ಲಿಗೆ ಬರುವ ಹೊತ್ತಿಗೆ ಗೋಡೆಯ ಮೇಲೆ ಹಾರ ಹಾಕಿದ ಫೋಟೋ ಆಗಿದ್ದರು. ಹಳಬರೆಲ್ಲ ಅವರ ಬಗ್ಗೆ ಹೇಳುವುದು ಒಂದೇ, "ಬಹಳ ಶಿಸ್ತಿನ ಮನುಷ್ಯ". ನನಗೆ ಬೇರೇನೂ ಗೊತ್ತಿಲ್ಲ. ಊಹಿಸುವ ಹಕ್ಕೂ ಇಲ್ಲ. ಆದರೂ ಶಿಸ್ತು ಅನ್ನುವ ಹೊಗಳಿಕೆ ಕೇಳಿದರೆ ನನಗೆ ಈಗೀಗ ಮೊದಲು ಆ ಮನೆಯ ಅಡುಗೆಮನೆ ನೋಡಬೇಕು ಅನ್ನಿಸುತ್ತದೆ.

ಕೊನೆಯ ಭಾಗದಲ್ಲಿ ಗಂಡಸರು ಫೋನ್ ಕೆಳಗಿಟ್ಟರು. ಅವಳು ಬೇಸ್‌ಬಾಲ್ ಬ್ಯಾಟ್ ಹಿಡಿದು, ಅಳುತ್ತಾ, ಮೆಟ್ಟಿಲು ಹಿಂದೆ ಹಿಂದೆ ಹತ್ತುತ್ತಾಳೆ. ಅವನು ಅಣಕಿಸುತ್ತಾ ಒಂದೊಂದೇ ಮೆಟ್ಟಿಲು ಏರುತ್ತಾನೆ. ಅವಳು ಬ್ಯಾಟ್ ಬೀಸುವ ರೀತಿ ನೋಡಿ ಹಿಂದಿನ ಸಾಲಿನಿಂದ "ಮೇಡಂ, ಕವರ್ ಡ್ರೈವ್!" ಅಂತ ಕೂಗು. ಜೋರು ನಗು. ನಕ್ಕವರು ಕೆಟ್ಟವರಲ್ಲ, ನಮ್ಮ ಸೆಕ್ರೆಟರಿಯೂ ಇದ್ದರು, ಹೆಂಡತಿ ಊರಿಗೆ ಹೋದರೆ ಎರಡು ದಿನಕ್ಕೇ ಮಂಕಾಗುವ ಮನುಷ್ಯ. ಅವಳು ಅಳುವುದು ಚೆನ್ನಾಗಿಲ್ಲವಂತೆ. ಮೂಗು ಸುರಿಯುತ್ತದೆ, ಬಾಯಿ ಸೊಟ್ಟಗಾಗುತ್ತದೆ, ದನಿ ಕೀರಲು. ನಿಜ. ಸಿನಿಮಾದಲ್ಲಿ ಹೆಂಗಸರು ಚೆಂದವಾಗಿ ಅಳಬೇಕು ಅಲ್ವಾ.

ಈ ನಗು ನಮ್ಮ ಟೆರೇಸಿನಲ್ಲಿ ಹುಟ್ಟಿದ್ದಲ್ಲ. ಸಿನಿಮಾ ಬಂದ ವರ್ಷವೇ ಅಮೆರಿಕದಲ್ಲಿ ಹುಟ್ಟಿತ್ತು. ಕೆಟ್ಟ ಸಿನಿಮಾಗಳನ್ನು ಗೇಲಿ ಮಾಡಲು ಶುರುವಾದ ರಾಜ್ಜಿ ಪ್ರಶಸ್ತಿಯ ಮೊದಲ ಪಟ್ಟಿಯಲ್ಲೇ ಅತಿ ಕೆಟ್ಟ ನಟಿ ಅಂತ ಹೆಂಡತಿಯ ಪಾತ್ರ ಮಾಡಿದ ಶೆಲ್ಲಿ ಡುವಾಲ್ ಹೆಸರಿತ್ತು. ಕೆಟ್ಟ ನಿರ್ದೇಶಕನ ಪಟ್ಟಿಯಲ್ಲಿ ಸ್ಟ್ಯಾನ್ಲಿ ಕ್ಯೂಬ್ರಿಕ್ ಹೆಸರೂ ಇತ್ತು, ಅದು ಬೇರೆ ಮಾತು, ಅವನಿಗೆ ಅದರಿಂದ ಏನೂ ಆಗಲಿಲ್ಲ. ಕ್ಯೂಬ್ರಿಕ್‌ನ ಮಗಳು ಸೆಟ್ಟಿನಲ್ಲಿ ತೆಗೆದ ಸಾಕ್ಷ್ಯಚಿತ್ರ ಒಂದಿದೆ. ಅದರಲ್ಲಿ ಅವನು ಡುವಾಲ್ ಮೇಲೆ ರೇಗುವುದು, ಆಕೆ ತನ್ನ ಕೂದಲು ಉದುರುತ್ತಿದೆ ಅಂತ ತೋರಿಸುವುದು ಎಲ್ಲ ಇದೆ. ಅಳುವ ದೃಶ್ಯಗಳನ್ನು ಮತ್ತೆ ಮತ್ತೆ, ಹತ್ತಾರು ಸಲ ತೆಗೆದರು. ಅಂದರೆ ಜನ ನಕ್ಕಿದ್ದು ನಿಜವಾಗಿ ಅತ್ತು ಅತ್ತು ಸುಸ್ತಾದ ಮುಖಕ್ಕೆ. 2022ರಲ್ಲಿ ರಾಜ್ಜಿಯವರು ಆಕೆಯ ಹೆಸರನ್ನು ಪಟ್ಟಿಯಿಂದ ಹಿಂದಕ್ಕೆ ತೆಗೆದುಕೊಂಡರು, ನಿರ್ದೇಶಕ ಆಕೆಯನ್ನು ನಡೆಸಿಕೊಂಡ ರೀತಿ ಈಗ ತಿಳಿಯಿತು ಅಂದರು. ಆ ಸಾಕ್ಷ್ಯಚಿತ್ರ ಬಂದದ್ದು 1980ರಲ್ಲೇ! 42 ವರ್ಷ ಬೇಕಾಯಿತು ನೋಡಿ.

ಸಿನಿಮಾ ಮುಗಿದ ಮೇಲೆ ಮೂರನೇ ಮಹಡಿಯ ಹುಡುಗನ ತರಗತಿ. ಹೋಟೆಲ್ ಮ್ಯಾನೇಜರನ ರೂಮಿನಲ್ಲಿ ಕಿಟಕಿ ಇದೆ, ಆದರೆ ಆ ರೂಮಿನ ಹಿಂದೆ ಕಾರಿಡಾರ್ ಇದೆ, ಅಲ್ಲಿ ಕಿಟಕಿ ಇರಲು ಸಾಧ್ಯವೇ ಇಲ್ಲ. ಟೈಪ್‌ರೈಟರ್ ಬಣ್ಣ ಬದಲಾಗುತ್ತದೆ. ಒಂದು ಕುರ್ಚಿ ಒಂದು ಶಾಟಿನಲ್ಲಿ ಇದೆ, ಮುಂದಿನದರಲ್ಲಿ ಇಲ್ಲ. ಹಿಂದಕ್ಕೆ ಓಡಿಸಿ ಓಡಿಸಿ ತೋರಿಸಿದ. ನಿಜಕ್ಕೂ ತಲೆ ತಿರುಗುವಂಥದ್ದೇ, ಮನೆಯೊಳಗೇ ದಾರಿ ತಪ್ಪುವ ಹಾಗೆ ಕಟ್ಟಿದ್ದಾರೆ. ಚಂದ್ರನ ಮೇಲೆ ಇಳಿದದ್ದೇ ಸುಳ್ಳು, ಅದನ್ನು ಶೂಟ್ ಮಾಡಿದ್ದು ಕ್ಯೂಬ್ರಿಕ್, ಈ ಸಿನಿಮಾದಲ್ಲಿ ಅದನ್ನು ಒಪ್ಪಿಕೊಂಡಿದ್ದಾನೆ ಅನ್ನುವ ವಾದವೂ ಇದೆಯಂತೆ, ಸಿನಿಮಾದ ಮಗುವಿನ ಸ್ವೆಟರ್ ಮೇಲೆ ಅಪೊಲೊ 11 ಇದೆ ಅನ್ನುವುದೇ ಸಾಕ್ಷಿ. ಇದಕ್ಕೆಲ್ಲ ನಾನು ನಕ್ಕೆ. ಆಮೇಲೆ ಇನ್ನೊಂದು ಥಿಯರಿ ಹೇಳಿದ. ಗಂಡನಿಗೆ ಏನೂ ಆಗಿಲ್ಲ, ಎಲ್ಲ ಹೆಂಡತಿಯ ಭ್ರಮೆ, ಹುಚ್ಚು ಅವಳಿಗೇ. ಇದಕ್ಕೆ ಯೂಟ್ಯೂಬಿನಲ್ಲಿ ಉದ್ದನೆಯ ವಿಡಿಯೋ ಇದೆ. ಹಿಂದಿನ ಸಾಲು "ಓಹೋ, ಈಗ ಅರ್ಥ ಆಯ್ತು" ಅಂತ ತಲೆಯಾಡಿಸಿತು.

ನಮಗೆ ಇದು ಒಗ್ಗುವ ಕಥೆಯೇ. 2004ರ 'ಆಪ್ತಮಿತ್ರ'ದಲ್ಲಿ ಸೌಂದರ್ಯ ನಾಗವಲ್ಲಿಯಾಗಿ ತಿರುಗಿದಾಗ ನಾವೆಲ್ಲ ಹೆದರಿದ್ದೆವು, ಆದರೆ ಅಲ್ಲಿ ಗಂಡ ಒಳ್ಳೆಯವನು, ಮನೆಗೆ ಡಾಕ್ಟರಾಗಿ ವಿಷ್ಣುವರ್ಧನ್ ಬರುತ್ತಾರೆ, ಕಾಯಿಲೆಗೆ ಹೆಸರಿದೆ, ಕೊನೆಯಲ್ಲಿ ವಾಸಿಯಾಗುತ್ತದೆ. ನನಗೂ ಅದು ಬಹಳ ಇಷ್ಟದ ಸಿನಿಮಾ. ಹುಚ್ಚು ಹೆಂಡತಿಗೆ ಹಿಡಿದರೆ ಔಷಧಿ ಇದೆ. ಗಂಡನಿಗೆ ಹಿಡಿದರೆ? 'ಶೈನಿಂಗ್'ನಲ್ಲೂ ಒಬ್ಬ ಡಾಕ್ಟರ್ ಬರುತ್ತಾಳೆ, ಮಗುವನ್ನು ನೋಡಲು. ಅವಳ ಎದುರು ತಾಯಿ ಸಿಗರೇಟು ಹಿಡಿದು ನಗುನಗುತ್ತಾ ಹೇಳುತ್ತಾಳೆ, ಗಂಡ ಕುಡಿದು ಬಂದಿದ್ದ, ಮಗು ಕಾಗದಗಳನ್ನೆಲ್ಲ ಹರಡಿತ್ತು, ಎಳೆಯಲು ಹೋದ, ಭುಜ ಜಾರಿತು, ಸುಮ್ನೆ ಒಂದು ಆಕ್ಸಿಡೆಂಟ್, ಅವತ್ತಿನಿಂದ ಕುಡಿತ ಬಿಟ್ಟಿದ್ದಾನೆ ನೋಡಿ. ಡಾಕ್ಟರ್ ಮುಖದಲ್ಲಿ ನಗುವಿಲ್ಲ. ಇಡೀ ಸಿನಿಮಾದಲ್ಲಿ ನನಗೆ ಕೈ ತಣ್ಣಗಾದದ್ದು ಅಲ್ಲಿ. ಯುರೋಪಿಗೆ ಕಳಿಸುವಾಗ ಕತ್ತರಿಸಿದ್ದರಲ್ಲ, ಅದರಲ್ಲಿ ಈ ದೃಶ್ಯವೂ ಹೋಗಿತ್ತು!

ಮನೆಗೆ ಬಂದು ನಮ್ಮನೆಯವರನ್ನು ಕೇಳಿದೆ, ಆ ಡಾಕ್ಟರ್ ದೃಶ್ಯ ಹೇಗಿತ್ತು ಅಂತ. "ಯಾವ ಡಾಕ್ಟರ್?" ಅಂದರು. ಸ್ವೆಟರ್ ತರಲು ಕೆಳಗೆ ಹೋಗಿದ್ದರಂತೆ. ಇರಬಹುದು. ಎರಡು ದಿನ ಇದೇ ವಾದ ನಡೆಯಿತು. "ಸಿನಿಮಾ ಕಣೇ, ನಗು ಬಂದರೆ ನಗೋದು, ಅದಕ್ಕೂ ಪರ್ಮಿಷನ್ ಬೇಕಾ" ಅಂದರು. ಹೆದರಿಕೆಯಾದಾಗಲೂ ಜನ ನಗುತ್ತಾರೆ ಅನ್ನುವುದು ಅವರ ಇನ್ನೊಂದು ವಾದ. ಒಪ್ಪುತ್ತೇನೆ. ಆದರೆ ಲಿಫ್ಟಿನ ರಕ್ತಕ್ಕೆ ಯಾರೂ ನಗಲಿಲ್ಲವಲ್ಲ. 237ನೇ ರೂಮಿನ ಮುದುಕಿ ಬಂದಾಗ ಪಿನ್ ಡ್ರಾಪ್ ಸೈಲೆನ್ಸ್. ನಗು ಬಂದದ್ದು ಅವಳು ಅತ್ತಾಗ ಮಾತ್ರ.

ಮೊನ್ನೆ ಡಬ್ಬ ವಾಪಸ್ ಕೊಡುವ ನೆಪದಲ್ಲಿ ಆಂಟಿ ಮನೆಗೆ ಹೋದೆ. ಅವರೆಕಾಯಿ ಬಿಡಿಸುತ್ತಿದ್ದರು, ನಾನೂ ಕೂತೆ. ತಟ್ಟೆಯ ಮಾತನ್ನು ಎತ್ತಬೇಕು ಅಂತಲೇ ಹೋಗಿದ್ದು, ಎತ್ತಲಿಲ್ಲ. ಅವರೇ ಸಿನಿಮಾ ವಿಷಯ ತೆಗೆದರು. "ಆ ಮಗು ಹೆದರಿರಬೇಕಲ್ವಾ ಪಾಪ, ಅಷ್ಟೆಲ್ಲ ಶೂಟಿಂಗ್ ಮಾಡುವಾಗ?" ಇಲ್ಲ ಆಂಟಿ, ಅವನಿಗೆ ಇದು ಹಾರರ್ ಸಿನಿಮಾ ಅಂತಲೇ ಹೇಳಿರಲಿಲ್ಲವಂತೆ, ದೊಡ್ಡವನಾಗಿ ಕಾಲೇಜಿನಲ್ಲಿ ಜೀವಶಾಸ್ತ್ರದ ಮೇಷ್ಟ್ರಾದ ಅಂದೆ. "ಒಳ್ಳೇದಾಯ್ತು ಬಿಡು" ಅಂದು ಒಂದು ಹಿಡಿ ಕಾಳು ಪಾತ್ರೆಗೆ ಹಾಕಿದರು. "ಅವಳಿಗೆ ಹೇಳಿದ್ರಾ?"

ನಾನು ಕೂದಲು ಉದುರಿದ ಕಥೆ, ಕೆಟ್ಟ ನಟಿ ಅಂತ ಪಟ್ಟಿಗೆ ಸೇರಿಸಿದ್ದು, ಹಿಂದಕ್ಕೆ ತೆಗೆದುಕೊಂಡದ್ದು, 2024ರಲ್ಲಿ ಆಕೆ ತೀರಿಕೊಂಡದ್ದು ಎಲ್ಲ ಹೇಳಿದೆ. ಪೂರ್ತಿ ಕೇಳಿದರು. ಏನೂ ಅನ್ನಲಿಲ್ಲ. ಕಾಫಿ ಮಾಡಿಕೊಟ್ಟರು, ಮಗಳು ಮೈಸೂರಿನಿಂದ ಬರುವ ಸುದ್ದಿ ಹೇಳಿದರು, ಕಾರ್ಪೊರೇಷನ್ ನೀರು ಬಿಡುವ ಹೊತ್ತು ಬದಲಾದದ್ದಕ್ಕೆ ಬೈದರು.

ಅಸೋಸಿಯೇಷನ್ನಿನವರು ಇನ್ನು ಮೇಲೆ ಫ್ಯಾಮಿಲಿ ಸಿನಿಮಾ ಮಾತ್ರ ಅಂತ ತೀರ್ಮಾನಿಸಿದ್ದಾರೆ. ಗಂಡ, ಹೆಂಡತಿ, ಒಂದು ಮಗು, ಇದೇನು ಫ್ಯಾಮಿಲಿ ಸಿನಿಮಾ ಆಗಿರಲಿಲ್ವಾ ಅಂತ ಕೇಳಬೇಕು ಅನ್ನಿಸಿತು, ಜಗಳ ಯಾಕೆ ಅಂತ ಬಿಟ್ಟೆ. ನಿನ್ನೆ ಗ್ರೂಪಿನಲ್ಲಿ ಮುಂದಿನ ಸಿನಿಮಾಕ್ಕೆ ವೋಟ್ ಹಾಕಿ ಅಂತ ಬಂತು. ಆಂಟಿ ಹತ್ತಿರ ಸ್ಮಾರ್ಟ್‌ಫೋನ್ ಇಲ್ಲ, ಅವರ ವೋಟು ಯಾವಾಗಲೂ ನಾನೇ ಹಾಕುವುದು. ಯಾವುದಕ್ಕೆ ಹಾಕಲಿ ಅಂತ ಕೇಳಿದೆ.

"ಯಾವುದಾದ್ರೂ ಹಾಕಮ್ಮ. ನಗಬೇಕಿದ್ರೆ ಮಾತ್ರ ನಗೋ ಸಿನಿಮಾನೇ ತರೋಕೆ ಹೇಳು" ಅಂದರು.