ಕೊಯ್ನೆಯ ನೀರು, ಸಂಜೆ ಆರರ ಲೆಕ್ಕ

ಸೋಲಾರ್ ಇಷ್ಟು ಬಂತಲ್ಲ, ಇನ್ನು ಕಲ್ಲಿದ್ದಲು ಯಾಕೆ? ಪುಣೆಯ ಕನ್ನಡಿಗರ ವಾಟ್ಸಾಪ್ ಗುಂಪುಗಳಲ್ಲೂ ಆಗಾಗ ಏಳುವ ಪ್ರಶ್ನೆ ಇದು. ವರ್ಷದ ಯೂನಿಟ್ ಕೂಡಿಸಿ ನೋಡಿದರೆ ಪ್ರಶ್ನೆ ಸರಿಯೇ. ಆದರೆ ಗ್ರಿಡ್ ನಡೆಯುವುದು ಹದಿನೈದು ನಿಮಿಷದ ಲೆಕ್ಕದಲ್ಲಿ. ದಿನಕ್ಕೆ 96 ಬ್ಲಾಕು, ಪ್ರತಿಯೊಂದರಲ್ಲೂ ಪೂರೈಕೆ ಬೇಡಿಕೆಗೆ ಹೊಂದಿಕೊಂಡು ಫ್ರೀಕ್ವೆನ್ಸಿ 49.90ರಿಂದ 50.05 ಹರ್ಟ್ಸ್ ಒಳಗೆ ನಿಲ್ಲಬೇಕು.

ಹಾಗಾಗಿ ಯೋಜನೆಗೆ ಕೂತವರು ಮೊದಲು ಮಾಡಬೇಕಾದ್ದು, ಪ್ರತಿ ಬ್ಲಾಕಿನ ಬೇಡಿಕೆಯಿಂದ ಸೋಲಾರ್, ಗಾಳಿ ಎರಡನ್ನೂ ಕಳೆಯುವುದು. ಉಳಿಯುವುದೇ ನೆಟ್ ಲೋಡ್. ಉದಾಹರಣೆಗೆ, ಮಧ್ಯಾಹ್ನ ನಾಲ್ಕಕ್ಕೆ ಬೇಡಿಕೆ 20,000 ಮೆಗಾವ್ಯಾಟ್, ಸೋಲಾರ್ 8,000 ಎಂದುಕೊಳ್ಳಿ. ಬೇರೆಯವರು ಕೊಡಬೇಕಾದ್ದು 12,000. ಸಂಜೆ ಏಳಕ್ಕೆ ಬೇಡಿಕೆ 21,000, ಸೋಲಾರ್ ಸೊನ್ನೆ. ಮೂರು ಗಂಟೆಯಲ್ಲಿ 9,000 ಮೆಗಾವ್ಯಾಟ್ ಏರಬೇಕು, ಅಂದರೆ ನಿಮಿಷಕ್ಕೆ 50.

ಕಲ್ಲಿದ್ದಲು ಇಷ್ಟು ಚುರುಕಲ್ಲ. 2023ರ ನಿಯಮದ ಪ್ರಕಾರ ಘಟಕಗಳು 40 ಶೇಕಡಾ ಲೋಡಿಗೆ ಇಳಿಯಬಲ್ಲವಾಗಬೇಕು. ಆ ತಳಮಟ್ಟದಲ್ಲಿ ಏರುವ ವೇಗ ನಿಮಿಷಕ್ಕೆ 1 ಶೇಕಡಾ. 500 ಮೆಗಾವ್ಯಾಟ್ ಘಟಕಕ್ಕೆ ಬರೀ 5 ಮೆಗಾವ್ಯಾಟ್. ಲೋಡ್ ತೀರಾ ಇಳಿದರೆ ಬಾಯ್ಲರಿನ ಜ್ವಾಲೆ ಅಲುಗಾಡುತ್ತದೆ, ಎಣ್ಣೆ ಸುಟ್ಟು ಹಿಡಿದಿಡಬೇಕು. ಮಧ್ಯಾಹ್ನ ಪೂರ್ತಿ ಆರಿಸಿ ಸಂಜೆ ಹೊತ್ತಿಸೋಣವೆಂದರೆ ಟರ್ಬೈನಿನ ದಪ್ಪ ಲೋಹ ಒಳಗೊಂದು ಹೊರಗೊಂದು ಬಿಸಿಯಾಗಿ ಕ್ರಮೇಣ ಬಿರುಕು ಬಿಡುತ್ತದೆ. ಸೋಲಾರ್ ಹೆಚ್ಚಿದ್ದರೂ ಮಧ್ಯಾಹ್ನ ಕಲ್ಲಿದ್ದಲು ಉರಿಯುತ್ತಲೇ ಇರುವುದು ಇದಕ್ಕೇ.

ಇಲ್ಲಿ ಕೊಯ್ನೆ ನೆನಪಾಗಬೇಕು, ಕೃಷ್ಣೆಯ ಉಪನದಿಯ ನೀರನ್ನು ಪಶ್ಚಿಮಕ್ಕೆ ಬೀಳಿಸಿ ವಿದ್ಯುತ್ ತೆಗೆಯುವ ಮಹಾರಾಷ್ಟ್ರದ ಯೋಜನೆ. ಒಟ್ಟು 1,960 ಮೆಗಾವ್ಯಾಟ್. ಅದರಲ್ಲಿ ನೇರ ಜಲಾಶಯದ ನೀರಿಗೆ ನಡೆಯುವ ಹಂತಗಳು ಸುಮಾರು 1,600. ಪಶ್ಚಿಮಕ್ಕೆ ತಿರುಗಿಸಬಹುದಾದ ನೀರು ಮಾತ್ರ ವರ್ಷಕ್ಕೆ 67.5 ಟಿಎಂಸಿ, ಕೃಷ್ಣಾ ನ್ಯಾಯಮಂಡಳಿ ಕಟ್ಟಿದ ಗಂಟು. ಸುಮಾರು 475 ಮೀಟರ್ ಎತ್ತರದಿಂದ ಬೀಳುವ ಒಂದು ಟಿಎಂಸಿಯಿಂದ ಅಂದಾಜು 3.3 ಕೋಟಿ ಯೂನಿಟ್. ಗುಣಿಸಿ ಭಾಗಿಸಿದರೆ ಪೂರ್ತಿ ಸಾಮರ್ಥ್ಯದಲ್ಲಿ ದಿನಕ್ಕೆ ಸುಮಾರು ನಾಲ್ಕು ಗಂಟೆ ಓಡಿಸುವಷ್ಟೇ ನೀರು. ಸಂಜೆಯ ಏರಿಗೆ ಹೇಳಿ ಮಾಡಿಸಿದಂತಿದೆ! ತಪ್ಪುವುದು ಎಲ್ಲಿ ಎಂದರೆ, ಡಿಸೆಂಬರಿನಲ್ಲಿ ಕೈ ಬಿಚ್ಚಿ ಬಳಸಿದರೆ ಏಪ್ರಿಲಿನ ಸೆಕೆಗೆ ಉಳಿಯುವುದಿಲ್ಲ. ನೀರಿನ ವರ್ಷ ಮುಗಿಯುವುದು ಮೇ 31ಕ್ಕೆ. ಆ ಹೊತ್ತಿಗೇ ಪೂರ್ವದ ಕೃಷ್ಣೆಗೂ ಬಿಡಿ ಎಂದು ಕರ್ನಾಟಕದಿಂದ ಪತ್ರ ಬರುತ್ತದೆ. ಒಂದೇ ಕೆರೆ, ಇಬ್ಬರು ನೆಂಟರು.

ಘಾಟ್‌ಘರ್‌ನ 250 ಮೆಗಾವ್ಯಾಟ್ ಪಂಪ್ಡ್ ಸ್ಟೋರೇಜ್‌ನಲ್ಲಿ ಈ ಜಗಳವಿಲ್ಲ, ವಿದ್ಯುತ್ ಹೆಚ್ಚಿದ್ದಾಗ ಪಂಪಾಗಿ ಮೇಲೇರಿದ ನೀರೇ ಬೇಕಾದಾಗ ಕೆಳಗಿಳಿದು ವಿದ್ಯುತ್ ಕೊಡುತ್ತದೆ. ಇಂಥ ಸ್ಥಾವರಗಳಲ್ಲಿ ನಾಲ್ಕು ಯೂನಿಟ್ ಕೊಟ್ಟು ಪಂಪ್ ಮಾಡಿದರೆ ಮೂರು ವಾಪಸ್ ಬಂತೆನ್ನಿ. ಅಲ್ಲಿರುವುದು 125 ಮೆಗಾವ್ಯಾಟಿನ ಎರಡು ಯಂತ್ರ. ವೇಗ ಬದಲಿಸಲಾಗದ ಪಂಪು ಓಡಿದರೆ ಪೂರ್ತಿ, ಇಲ್ಲದಿದ್ದರೆ ಇಲ್ಲ; ಮೋಡ ಕವಿದಾಗ ಸೋಲಾರ್ ಸ್ವಲ್ಪ ಸ್ವಲ್ಪ ಇಳಿದರೆ ಅದರ ಜೊತೆ ಇದು ಇಳಿಯದು. ಆ ಸಣ್ಣ ಏರಿಳಿತ ಬ್ಯಾಟರಿಯ ಕೆಲಸ. ಬ್ಯಾಟರಿ ಎರಡು ನಾಲ್ಕು ಗಂಟೆ ಒದಗುತ್ತದೆ. ಗಾಳಿ ವಾರಗಟ್ಟಲೆ ಮಲಗುವ ಚಳಿಗಾಲಕ್ಕೆ ಸಾಲದು. ಒಂದು ಸರಾಸರಿ ವರ್ಷವನ್ನು ಇಟ್ಟುಕೊಂಡು ಮಾಡಿದ ಯೋಜನೆ ಎಡವುವುದೇ ಇಂಥ ವಾರಗಳಲ್ಲಿ; ಹಲವು ವರ್ಷಗಳ ಹವಾಮಾನವನ್ನು ಬ್ಲಾಕು ಬ್ಲಾಕಾಗಿ ಓಡಿಸಿ ನೋಡಲೇಬೇಕು.

ಉಳಿದದ್ದು ತಂತಿ. 2013ರ ಡಿಸೆಂಬರ್ 31ರಂದು ರಾಯಚೂರು–ಸೋಲಾಪುರ 765 ಕೆವಿ ಮಾರ್ಗ ದಕ್ಷಿಣದ ಗ್ರಿಡ್ಡನ್ನು ಉಳಿದ ದೇಶಕ್ಕೆ ಬೆಸೆಯಿತು. ಪಾವಗಡ ಸೋಲಾರ್ ಪಾರ್ಕಿನ ಬಿಸಿಲು ಮಧ್ಯಾಹ್ನ ಈ ಕಡೆಗೂ ಹರಿಯಬಹುದು. ಸಂಜೆಗೆ ಮಾತ್ರ ಅದನ್ನು ನೆಚ್ಚಿಕೊಳ್ಳುವಂತಿಲ್ಲ: ಪುಣೆಯಲ್ಲಿ ಸೂರ್ಯ ಮುಳುಗುವ ಹೊತ್ತಿಗೆ ಪಾವಗಡದಲ್ಲೂ ಕತ್ತಲೆ ಇಳಿದಿರುತ್ತದೆ. ಬಿಸಿಲಿನ ಹೊತ್ತು ಹಿಗ್ಗಿಸಬೇಕಾದರೆ ತಂತಿ ಪಶ್ಚಿಮಕ್ಕೆ, ಕಛ್ ಕಡೆಗೆ ಹೋಗಬೇಕು. ಅಲ್ಲಿ ಪುಣೆಗಿಂತ ಹೆಚ್ಚು ಸಿಗುವ ಸಂಜೆಯ ಬೆಳಕು ಅರ್ಧ ಗಂಟೆಯೊಳಗೆ, ಅಂದರೆ ಹೆಚ್ಚೆಂದರೆ ಎರಡೇ ಬ್ಲಾಕು.